ಕೋಳಿಯ ಹೊಟ್ಟೆಗೆ ಹಾಕಿದ ಹೊಲಿಗೆ

ಢಣ್ಣೆಂದು ಒಂದು ಸದ್ದು, ಅದರ ಬೆನ್ನಿಗೇ ಕಿರ್ರೆಂದು ಇನ್ನೊಂದು. ಮೂಲೆಯ ಬೇಕರಿಯವನು ಒಲೆಯ ಕಬ್ಬಿಣದ ಬಾಗಿಲು ಮುಚ್ಚಿ ಅಗುಳಿ ಎಳೆದನೆಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಬೇರೆ ದಿನಗಳಲ್ಲಿ ಆ ಸದ್ದಿಗೆ ಯಾರೂ ಕಿವಿ ಕೊಡುವುದಿಲ್ಲ. ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ. ವರ್ಷದ ದೊಡ್ಡ ರಜೆಯ ದಿನ ಮಾತ್ರ ಅದು ಕೇಳಿಸಿದ್ದೇ ತಡ, ಅಡುಗೆಮನೆಗಳಲ್ಲಿ ಗಡಿಬಿಡಿ ಹುಟ್ಟುತ್ತದೆ. ಕೊನೆಯ ಬ್ರೆಡ್ಡು ಒಳಗೆ ಹೋಯಿತೆಂಬ ಗುರುತು ಅದು. ಆ ಬ್ರೆಡ್ಡು ಬೆಂದು ಹೊರಗೆ ಬಂದಮೇಲೆ ಒಲೆ ಬೀದಿಯವರದು. ಇಡೀ ಕೋಳಿ ಹಿಡಿಸುವಂಥ ಒಲೆ ಇಲ್ಲಿ ಯಾರ ಮನೆಯಲ್ಲೂ ಇಲ್ಲ. ಎಲ್ಲರೂ ತಂತಮ್ಮ ಕೋಳಿಯನ್ನು ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ, ಎಳೆ ಮಗುವನ್ನು ಎತ್ತಿಕೊಂಡಷ್ಟು ಜೋಪಾನವಾಗಿ ಬೇಕರಿಗೆ ತರುತ್ತಾರೆ. ಬೇಕರಿಯವನು ಉದ್ದ ಹಿಡಿಯ ಹಲಗೆಯಿಂದ ಒಂದೊಂದನ್ನೇ ಒಳಗೆ ತಳ್ಳುತ್ತಾನೆ.

ಆ ಬೆಳಿಗ್ಗೆ ಸದ್ದು ಕೇಳಿದಾಗ ದಬ್ಬಳಕ್ಕ ಆಗಲೇ ಎದ್ದು ಕೂತಿದ್ದಳು. ಅಷ್ಟು ಬೇಗ ಏಳುವ ಕೆಲಸವೇನೂ ಈ ಸಲ ಅವಳಿಗೆ ಇರಲಿಲ್ಲ. ಅದೇ ಅವಳ ಸಂಕಟ.

ಅವಳಿಗೂ ಒಂದು ಹೆಸರಿದೆ, ಆದರೆ ಬೀದಿಯ ಬಾಯಲ್ಲಿ ಅದು ಸವೆದುಹೋಗಿ ಬಹಳ ಕಾಲವಾಯಿತು. ಹಳೆಯ ಸೋಫಾ, ಕುರ್ಚಿ, ಹಾಸಿಗೆಗಳನ್ನು ಬಿಚ್ಚಿ ಹೊಸದಾಗಿ ಹೊಲಿದುಕೊಡುವುದು ಅವಳ ಕಸುಬು. ಗೋಣಿ ಹೊಲಿಯುವಂಥ ದಪ್ಪ ಸೂಜಿ, ದಬ್ಬಳ, ಯಾವಾಗಲೂ ಅವಳ ಹೆಗಲ ಬಟ್ಟೆಗೆ ಚುಚ್ಚಿಕೊಂಡಿರುತ್ತದೆ. ಹೆಸರು ಅದರಿಂದ ಬಂತು ಎನ್ನುತ್ತಾಳೆ ಅವಳು. ನಾಲಿಗೆಯಿಂದ ಬಂತು ಎನ್ನುತ್ತಾನೆ ಗಂಡ. ಸಾಮಾನು ಸಾಗಿಸುವ ವ್ಯಾನು ಓಡಿಸುವ ಆ ಮನುಷ್ಯ ಮದುವೆಯಾದಂದಿನಿಂದ ಹೆಂಡತಿಯ ಮನೆಯಲ್ಲೇ ಇದ್ದಾನೆ. ಯಾರಾದರೂ ಆಡಿಕೊಂಡರೆ, "ಈ ಮನೇಲಿ ಕೂರೋಕೆ ಇಷ್ಟೊಂದು ಸೋಫಾ ಇರುವಾಗ ಬೇರೆ ಮನೆ ಯಾಕಪ್ಪ?" ಎಂದು ನಗುತ್ತಾನೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಟ್ಟೆ ಬಗೆದ ಸೋಫಾಗಳು, ಸ್ಪಂಜಿನ ತುಂಡುಗಳು, ಸುರುಳಿ ಸುತ್ತಿದ ರೆಕ್ಸಿನ್, ಕೂತವರ ಬೆನ್ನು ಮರೆಯದ ಕುರ್ಚಿಗಳು. ಬೆಳಕು ಬೀಳುವ ಕಿಟಕಿಯ ಕೆಳಗೆ ಎರಡು ಮಣೆ. ಒಂದು ಅವಳದು, ಇನ್ನೊಂದು ಅಮ್ಮನದು. ಕಸುಬು ಮೊದಲು ಅಮ್ಮನದೇ ಆಗಿತ್ತು. ಅಮ್ಮ ಕತ್ತರಿ ಮುಟ್ಟಿದವಳಲ್ಲ. ಹೊಲಿಗೆ ಮುಗಿದಾಗ ಮುಖ ಬಗ್ಗಿಸಿ ಹಲ್ಲಿನಲ್ಲೇ ದಾರ ಕಡಿಯುತ್ತಿದ್ದಳು. ಈಗ ಕಣ್ಣು ಮಂಜಾಗಿದೆ. ಮಗಳ ಪಕ್ಕ ಕೂತು ಗಂಟುಬಿದ್ದ ನಾರು ಬಿಡಿಸಿಕೊಡುತ್ತಾಳೆ, ಕೈಗೆ ಸಿಕ್ಕಿದ ಬಟ್ಟೆಯನ್ನು ಸವರಿ ಎಂಥದೆಂದು ಹೇಳುತ್ತಾಳೆ. ದಿನವಿಡೀ ಇಬ್ಬರೂ ಹೀಗೆ ಅಕ್ಕಪಕ್ಕ. ಅಮ್ಮನ ಬಾಯಲ್ಲಿ ಮಾತ್ರ ದಿನವಿಡೀ ಪುಟ್ಟಿ. ಪುಟ್ಟಿ ಊಟ ಮಾಡಿರುತ್ತಾಳೋ ಇಲ್ಲವೋ. ಪುಟ್ಟಿಗೆ ಈ ಬಣ್ಣ ಎಷ್ಟು ಒಪ್ಪುತ್ತಿತ್ತು. ಪುಟ್ಟಿ ಚಿಕ್ಕವಳಿದ್ದಾಗ ಇದೇ ಸ್ಪಂಜಿನ ರಾಶಿಯಲ್ಲಿ ನಿದ್ದೆ ಹೋಗಿದ್ದಳು, ಅಲ್ವೇನೇ?

"ನಾನೂ ಹೋಗಿದ್ದೆ," ಎಂದು ದಬ್ಬಳಕ್ಕ ಒಮ್ಮೆ ಹೇಳಿ ನೋಡಿದ್ದಳು.

"ನೀನಾ?" ಎಂದು ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ನೀನು ನಿದ್ದೆ ಮಾಡಿದ್ದೇ ನನಗೆ ನೆನಪಿಲ್ಲ ಕಣೇ," ಎಂದಿದ್ದಳು.

ಪುಟ್ಟಿ ತಂಗಿ. ರೈಲಿನಲ್ಲಿ ಒಂದು ಹಗಲಿನ ದಾರಿಯ ಊರಿಗೆ ಮದುವೆಯಾಗಿ ಹೋದವಳು, ಅಲ್ಲಿ ಗಾಜಿನ ಬಾಗಿಲಿನ ಅಂಗಡಿಯಲ್ಲಿ ಪರದೆ ಬಟ್ಟೆ ಮಾರುತ್ತಾಳೆ. ವರ್ಷಕ್ಕೊಮ್ಮೆ, ಈ ರಜೆಗೆ, ಗಂಡನ ಜೊತೆ ಬರುತ್ತಾಳೆ. ಗಂಡ ಶಾಲೆಯ ಮೇಷ್ಟ್ರು, ಮಾತು ಕಡಿಮೆ, ಊಟ ಜಾಸ್ತಿ. ಪುಟ್ಟಿ ಬಾಗಿಲಲ್ಲಿ ಚೀಲ ಇಳಿಸಿ "ಅಮ್ಮಾ" ಅಂದರೆ ಸಾಕು, ಅಮ್ಮನ ಮಂಜುಗಣ್ಣು ಸರಿಯಾಗಿ ಆ ದಿಕ್ಕಿಗೇ ತಿರುಗುತ್ತದೆ.

ಇಷ್ಟೆಲ್ಲದರ ನಡುವೆ ದಬ್ಬಳಕ್ಕನ ಪಾಲಿಗೆ ಇದ್ದದ್ದು ಒಂದು ಕೋಳಿ. ಅಮ್ಮನ ಕಣ್ಣು ಸೋತ ವರ್ಷದಿಂದ ರಜೆಯ ಊಟದ ಕೋಳಿ ಅವಳದೇ. ಬ್ರೆಡ್ಡಿನ ಪುಡಿ, ಈರುಳ್ಳಿ, ಸಣ್ಣಗೆ ಹೆಚ್ಚಿದ ಲಿವರ್, ಮೆಣಸು ಸೇರಿಸಿ ಹೂರಣ ಮಾಡಿ ಹೊಟ್ಟೆಗೆ ತುಂಬಿ, ಮೇಲಿನಿಂದ ಕಾಣದ ಹಾಗೆ ಹೊಲಿಗೆ ಹಾಕುವಳು. "ದಬ್ಬಳಕ್ಕನ ಕೋಳಿ ಅಂದ್ರೆ ಹೊಸ ಮೆತ್ತೆ," ಎಂದು ಬೇಕರಿಯವನು ಎಲ್ಲರಿಗೂ ತೋರಿಸುವನು. "ಒಂದು ಕಡೆ ಉಬ್ಬಿಲ್ಲ, ಒಂದು ಕಡೆ ತಗ್ಗಿಲ್ಲ. ಮೇಲೆ ಕೂತ್ಕೋಬಹುದು!" ಆ ಒಂದು ಮಧ್ಯಾಹ್ನ ಅಮ್ಮ ಪುಟ್ಟಿಯ ಮುಂದೆಯೇ, ಪುಟ್ಟಿಗೆ ಕೇಳುವ ಹಾಗೆ, "ದೊಡ್ಡವಳ ಕೈಗುಣ," ಎನ್ನುವಳು. ದಬ್ಬಳಕ್ಕನಿಗೆ ಉಳಿದ ವರ್ಷಕ್ಕೆ ಅದು ಸಾಕಾಗುತ್ತಿತ್ತು. ಸಾಕಾಗುತ್ತಿರಲಿಲ್ಲ, ಆದರೂ ಸಾಕೆಂದು ಇಟ್ಟುಕೊಂಡಿದ್ದಳು.

ಈ ಸಲ ಹಿಂದಿನ ಸಂಜೆಯೇ ಅಮ್ಮ ಹೇಳಿಬಿಟ್ಟಿದ್ದಳು: "ಈ ಸಲ ಕೋಳಿ ಪುಟ್ಟಿ ಮಾಡ್ಲಿ."

"ಯಾಕೆ? ನನ್ನ ಕೋಳಿಗೆ ಏನಾಗಿತ್ತು?"

"ಏನೂ ಆಗಿರ್ಲಿಲ್ಲ. ಅವಳಿಗೆ ಆಸೆ."

"ಅವಳಿಗೆ ಸೂಜಿಗೆ ದಾರ ಪೋಣಿಸೋಕೆ ಬರಲ್ಲ, ಕೋಳಿ ಹೊಲೀತಾಳಾ?"

"ಹೊಲಿಗೆ ನೀನು ಹಾಕು," ಎಂದಳು ಅಮ್ಮ, ಬಹಳ ಸುಲಭವಾದ ಮಾತು ಹೇಳಿದ ಹಾಗೆ.

ರಾತ್ರಿ ಗಂಡ ಸಮಾಧಾನ ಮಾಡಲು ಬಂದ. "ಬಿಡೇ, ಒಂದು ವರ್ಷ ಆರಾಮಾಗಿ ಕೂತ್ಕೊಂಡು ತಿನ್ನು."

"ನೀವು ಎಲ್ಲಾ ವರ್ಷ ಅದನ್ನೇ ತಾನೇ ಮಾಡೋದು? ಹೇಗಿರತ್ತೆ ಅಂತ ನೋಡಿದೀನಿ," ಎಂದು ಅವಳು ಗೋಡೆಯ ಕಡೆ ತಿರುಗಿದಳು.

ಬೆಳಿಗ್ಗೆ ಅವಳು ಅಡುಗೆಮನೆಗೆ ಹೋದಾಗ ಪುಟ್ಟಿ ಮೊಣಕೈವರೆಗೆ ಹೂರಣದಲ್ಲಿ ಮುಳುಗಿದ್ದಳು. ಬ್ರೆಡ್ಡು ಪುಡಿ ಸರಿ, ಈರುಳ್ಳಿ ಸರಿ. ಜೊತೆಗೆ ಒಣದ್ರಾಕ್ಷಿ, ನಿಂಬೆ ಸಿಪ್ಪೆಯ ತುರಿ, ಇನ್ನೂ ಏನೇನೋ ಹಸಿರು ಸೊಪ್ಪು. ಬಟ್ಟಲು ತುಂಬಿ ತುಳುಕುತ್ತಿತ್ತು.

"ಇಷ್ಟು ಹೂರಣ ಯಾರ ಹೊಟ್ಟೆಗೆ? ಕೋಳಿಗಾ, ಮೇಷ್ಟ್ರಿಗಾ?"

"ಇಬ್ಬರಿಗೂ," ಎಂದು ಪುಟ್ಟಿ ನಕ್ಕಳು. "ಅಕ್ಕ, ಬೈಬೇಡ. ನೀನು ಬೈದ್ರೆ ನನಗೆ ಉಪ್ಪು ಮರೆತುಹೋಗತ್ತೆ."

ಅಮ್ಮ ಅವಳ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಪುಟ್ಟಿ ಚಿಟಿಕೆ ಹೂರಣ ತೆಗೆದು ಅಮ್ಮನ ಬಾಯಿಗಿಟ್ಟಳು. ಅಮ್ಮ ಕಣ್ಣು ಮುಚ್ಚಿ ಚಪ್ಪರಿಸಿದಳು. ಅವಳ ಗಲ್ಲಕ್ಕೆ ಅಂಟಿದ ಪುಡಿಯನ್ನು ಪುಟ್ಟಿ ಮಣಿಕಟ್ಟಿನಿಂದ ಒರೆಸಿದಳು. ಇಷ್ಟು ವರ್ಷಗಳಲ್ಲಿ ಅಮ್ಮನ ಬಾಯಿಗೆ ಔಷಧಿ ಬಿಟ್ಟರೆ ಬೇರೇನಾದರೂ ತಾನು ಇಟ್ಟದ್ದು ಉಂಟೇ ಎಂದು ದಬ್ಬಳಕ್ಕ ನೆನಪು ಮಾಡಿಕೊಂಡಳು. ನೆನಪಾಗಲಿಲ್ಲ. ಎದೆಯ ಕೆಳಗೆ ಎಲ್ಲೋ ಒಂದು ಕಡೆ ಸಣ್ಣಗೆ ಉರಿಯತೊಡಗಿತು.

"ದಾರ ತರ್ತೀನಿ," ಎಂದು ಅಂಗಡಿಯ ಕೋಣೆಗೆ ಹೋದಳು.

ಕಿಟಕಿಯ ಗೂಟಕ್ಕೆ ಎರಡು ಉಂಡೆ ತೂಗುಹಾಕಿತ್ತು. ಒಂದು ಮೇಣ ಸವರಿದ ಹತ್ತಿ ದಾರ. ಇನ್ನೊಂದು ರೆಕ್ಸಿನ್ ಹೊಲಿಯುವ ಬಿಳಿ ನೈಲಾನ್. ನೋಡಲು ಎರಡೂ ಒಂದೇ ಬಿಳುಪು. ಹತ್ತಿ ಕೋಳಿಗೆ, ನೈಲಾನ್ ಕುರ್ಚಿಗೆ. ನೈಲಾನ್ ಹೊಲಿಗೆಯ ಗಂಟು ಬಿಚ್ಚದಿರಲೆಂದು ಅವಳೇ ದಿನಾ ಅದರ ತುದಿಯನ್ನು ಮೇಣದಬತ್ತಿಗೆ ಹಿಡಿಯುತ್ತಾಳೆ. ಕ್ಷಣದಲ್ಲಿ ದಾರ ಮೆತ್ತಗಾಗಿ, ಮುದುಡಿ, ಕಂದು ಮಣಿಯಾಗಿ ಕೂರುತ್ತದೆ. ಬೆಂಕಿಯ ಮುಂದೆ ಆ ದಾರ ನಿಲ್ಲುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ, ಅಮ್ಮನನ್ನು ಬಿಟ್ಟರೆ.

ಅವಳ ಕೈ ಹತ್ತಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನೈಲಾನ್ ಉಂಡೆಯಿಂದ ಒಂದು ಮಾರು ಎಳೆದುಕೊಂಡಿತು.

ಅವಳು ಹೊಲಿದದ್ದು ಮಾತ್ರ ಎಂದಿಗಿಂತ ಚೆಂದವಾಗಿ ಹೊಲಿದಳು. ಹೂರಣವನ್ನು ಒತ್ತಿ ಒತ್ತಿ ಒಳಗೆ ತಳ್ಳಿ, ಚರ್ಮದ ಎರಡು ಅಂಚನ್ನು ಒಳಮಡಿಚಿ, ಡೊಂಕು ಸೂಜಿಯಲ್ಲಿ ಅಡಗುಹೊಲಿಗೆ ಹಾಕಿ, ಮೊದಲಿಗೊಂದು ಕೊನೆಗೊಂದು ಗಟ್ಟಿ ಗಂಟು ಬಿಗಿದಳು. ಪುಟ್ಟಿ ಕೆನ್ನೆಗೆ ಕೈಯಿಟ್ಟುಕೊಂಡು ನೋಡುತ್ತಿದ್ದಳು.

"ಎಷ್ಟು ನಾಜೂಕಾಗಿ ಹೊಲೀತೀಯ ಅಕ್ಕ! ಅಮ್ಮ ಫೋನಲ್ಲಿ ಯಾವಾಗಲೂ ಹೇಳ್ತಿರ್ತಾಳೆ."

"ನಿನಗೆ ಹೇಳ್ತಾಳೇನೋ," ಎಂದಳು ದಬ್ಬಳಕ್ಕ, ತಲೆಯೆತ್ತದೆ.

ಇಬ್ಬರೂ ತಟ್ಟೆಯ ಒಂದೊಂದು ತುದಿ ಹಿಡಿದು ಬೇಕರಿಗೆ ನಡೆದರು. ಬೀದಿಯ ಉದ್ದಕ್ಕೂ ಬಟ್ಟೆ ಮುಚ್ಚಿದ ತಟ್ಟೆಗಳು ಹೊರಟಿದ್ದವು. ತಟ್ಟೆ ಭಾರವಾಗಿತ್ತು, ಪುಟ್ಟಿಯ ಹೆಜ್ಜೆಗೂ ಅಕ್ಕನ ಹೆಜ್ಜೆಗೂ ತಾಳ ಕೂಡುತ್ತಿರಲಿಲ್ಲ.

"ನಿನಗೆ ಸಿಟ್ಟು ಬಂದಿದೆ," ಎಂದಳು ಪುಟ್ಟಿ.

"ಕೋಳಿಗೆಲ್ಲ ಯಾರಾದ್ರೂ ಸಿಟ್ಟು ಮಾಡ್ತಾರಾ?"

"ನೀನು ಮಾಡ್ತೀಯ. ಮೂಗು ನೋಡು." ಪುಟ್ಟಿ ದಾರಿ ನೋಡುತ್ತಲೇ ಹೇಳಿದಳು: "ನಿನಗೆ ಅಮ್ಮ ದಿನಾ ಸಿಗ್ತಾಳೆ ಅಕ್ಕ. ನಾನು ಅಲ್ಲಿ ಪರದೆ ಮಡಚ್ತಾ ಕೂತಾಗ ನೀವಿಬ್ರೂ ಕಿಟಕಿ ಹತ್ರ ಕೂತಿರೋದು ನೆನಪಾದ್ರೆ ನನಗೆ ಎಷ್ಟು ಹೊಟ್ಟೆ ಉರಿಯತ್ತೆ ಗೊತ್ತಾ? ಒಂದು ಕೋಳಿ ಕೂಡ ನನಗೆ ಸಿಗಬಾರದಾ?"

ದಬ್ಬಳಕ್ಕನ ಹಿಡಿತ ಸಡಿಲವಾಗಿ ತಟ್ಟೆ ಒಂದು ಕಡೆ ವಾಲಿತು. ಸರಿಪಡಿಸಿಕೊಂಡಳು. ಈಗಲೂ ಹೊತ್ತು ಮೀರಿರಲಿಲ್ಲ. 'ಅಯ್ಯೋ, ದಾರ ತಪ್ಪಿತು ಕಣೇ' ಎಂದರೆ ಮುಗಿಯಿತು. ಮನೆಗೆ ಹೋಗಿ ಬಿಚ್ಚಿ ಹೊಲಿಯಲು ಎಷ್ಟು ಹೊತ್ತು? ಆದರೆ ಬೇಕರಿಯ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಅಷ್ಟರಲ್ಲಿ ಪುಟ್ಟಿಯನ್ನು ಮುತ್ತಿಕೊಂಡರು. "ಯಾವಾಗ ಬಂದ್ಯೇ?" "ತೆಳ್ಳಗಾಗಿದೀಯ!" "ಈ ಸಲ ಕೋಳಿ ನಿಂದಂತೆ? ಅಬ್ಬ, ಮುದ್ದಿನ ಮಗಳು ಬಂದ್ಲು ನೋಡು!" ಅಕ್ಕನನ್ನು ಯಾರೂ ಯಾವಾಗ ಬಂದೆ ಎಂದು ಕೇಳಲಿಲ್ಲ. ಎಲ್ಲಿಗೂ ಹೋಗದವಳನ್ನು ಹಾಗೆ ಕೇಳುವುದಾದರೂ ಹೇಗೆ? ಬೇಕರಿಯವನು ಹಲಗೆ ಮುಂದೆ ಚಾಚಿದ. ದಬ್ಬಳಕ್ಕ ತಟ್ಟೆಯನ್ನು ಅದರ ಮೇಲಿಟ್ಟಳು.

ಮತ್ತೆ ಒಲೆ ತೆಗೆಯುವ ಹೊತ್ತಿಗೆ ಬೇಕರಿಯ ಮುಂದೆ ಜಾತ್ರೆಯೇ ನೆರೆದಿತ್ತು. ಒಂದೊಂದೇ ತಟ್ಟೆ ಹೊರಗೆ ಬಂತು, ಹೊಗಳಿದರು, ಕಾಲೆಳೆದರು. ಆಮೇಲೆ ಬೇಕರಿಯವನು ಒಳಗೆ ಬಗ್ಗಿ ನೋಡಿ, "ಓಹೋಹೋ," ಎಂದ. "ದಬ್ಬಳಕ್ಕನ ಮೆತ್ತೆ ಒಡೆದುಹೋಗಿದೆಯಲ್ರೀ!"

ಕೋಳಿಯ ಹೊಟ್ಟೆ ಬಾಯಿಬಿಟ್ಟಿತ್ತು. ಹೂರಣವೆಲ್ಲ ತಟ್ಟೆಯ ತುಂಬ ಚೆಲ್ಲಿತ್ತು. ಜನ ಗೊಳ್ಳೆಂದು ನಕ್ಕರು. ಪುಟ್ಟಿಯ ಮುಖ ಬಿಳಿಚಿಕೊಂಡಿತು.

"ನಾನು ಜಾಸ್ತಿ ತುಂಬಿಬಿಟ್ಟೆ," ಎಂದಳು ಅವಳು, ಯಾರೂ ಕೇಳದಿದ್ದರೂ. "ಅಕ್ಕ ಹೇಳಿದ್ಲು. ನಾನೇ ಕೇಳಲಿಲ್ಲ."

ದಬ್ಬಳಕ್ಕ ಕಾದಿದ್ದದ್ದು ಇದೇ ಕ್ಷಣಕ್ಕೆ. ಅದು ಕೈಗೆ ಬಂದಾಗ ಅದರಲ್ಲಿ ಅವಳು ಅಂದುಕೊಂಡ ರುಚಿ ಇರಲಿಲ್ಲ. ಬದಲಿಗೆ ಬೇರೊಂದು ಹೆದರಿಕೆ ಹೊಕ್ಕಿತು: ದಾರ ಕರಗಿದ್ದು ಸರಿ, ಕರಗಿ ಎಲ್ಲಿಗೆ ಹೋಯಿತು? ಇದೊಂದನ್ನು ಅವಳು ಯೋಚಿಸಿಯೇ ಇರಲಿಲ್ಲ. ಕುರ್ಚಿಯನ್ನು ಯಾರೂ ತಿನ್ನುವುದಿಲ್ಲವಲ್ಲ. "ಹೊಲಿಗೆ ತೆಗೀತೀನಿ," ಎಂದು ತಟ್ಟೆಯನ್ನು ಮನೆಗೆ ತಂದು, ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಹುಡುಕಿದಳು. ಚರ್ಮದ ಅಂಚಿನಲ್ಲಿ ಅಲ್ಲಲ್ಲಿ ಅಂಟಿದ್ದ ಗಾಜಿನಂಥ ಎಳೆಗಳನ್ನು ಚರ್ಮದ ಸಮೇತ ಕತ್ತರಿಸಿ ತೆಗೆದಳು. ಒಂದು ಗಂಟು ಸಿಕ್ಕಿತು, ಬಟಾಣಿಗಿಂತ ಚಿಕ್ಕದು, ಕಂದು ಮಣಿ. ಇನ್ನೊಂದು ಸಿಗಲಿಲ್ಲ. ಹೂರಣವನ್ನು ಮೂರು ಸಲ ಕೆದಕಿದಳು. ದ್ರಾಕ್ಷಿಗಳೆಲ್ಲ ಹುರಿದು ಕಂದು ಮಣಿಗಳೇ ಆಗಿದ್ದವು.

"ಹೊಲಿಗೆ ತೆಗೀತಿದೀಯೋ, ಹೊಸದಾಗಿ ಹಾಕ್ತಿದೀಯೋ?" ಎಂದು ಹೊರಗಿನಿಂದ ಗಂಡ ಕೂಗಿದ. "ಮೇಷ್ಟ್ರು ತಟ್ಟೆ ತಿನ್ನೋಕೆ ಶುರುಮಾಡ್ತಾರೆ!"

"ಹೂರಣ ಬೇಡ, ಸೀದುಹೋಗಿದೆ," ಎಂದಳು ಅವಳು. "ಎಸೆದುಬಿಡೋಣ."

"ಎಸೆಯೋದಾ? ಬೀದಿಯೆಲ್ಲ ಘಮಘಮ ಅಂತಿದೆ!" ಗಂಡ ಬಂದು ತಟ್ಟೆ ಎತ್ತಿಕೊಂಡೇ ಹೋದ.

ಆಮೇಲೆ ನಡೆದದ್ದನ್ನು ಅವಳು ಊಹಿಸಿರಲಿಲ್ಲ. ಹೊಟ್ಟೆಯೊಳಗೆ ಮೆತ್ತಗೆ ಮುದ್ದೆಯಾಗಿ ಬೇಯಬೇಕಾಗಿದ್ದ ಹೂರಣ ಹೊರಗೆ ಚೆಲ್ಲಿ, ಕೋಳಿಯ ಕೊಬ್ಬಿನಲ್ಲಿ ಹುರಿದು, ಗರಿಗರಿಯಾಗಿತ್ತು. ಮೇಷ್ಟ್ರು ಒಂದು ಚಮಚ ಬಾಯಿಗಿಟ್ಟು, ಆ ವರ್ಷದಲ್ಲೇ ಮೊದಲ ಸಲ ಕೇಳದೆಯೇ ಮಾತಾಡಿದರು: "ಇದು ಬಹಳ ಚೆನ್ನಾಗಿದೆ." ಗಂಡ ತಟ್ಟೆಯ ತಳ ಕೆರೆದ. ಪುಟ್ಟಿ ಹೆದರುತ್ತ ಹೆದರುತ್ತ ತಿಂದು, ಕಣ್ಣರಳಿಸಿದಳು. ಅಮ್ಮ ನಿಧಾನವಾಗಿ ಅಗಿದು ಹೇಳಿದಳು:

"ಇಷ್ಟು ವರ್ಷದಲ್ಲಿ ಇಷ್ಟು ರುಚಿಯಾಗಿ ಆಗಿರ್ಲಿಲ್ಲ. ಪುಟ್ಟಿ ಕೈಗುಣ."

ದಬ್ಬಳಕ್ಕನ ಕಿವಿ ಬಿಸಿಯಾಯಿತು. ಆ ಗರಿಗರಿ ನನ್ನದು! ಎಂದು ಕೂಗಬೇಕೆನಿಸಿತು. ಅವಳ ದ್ರಾಕ್ಷಿಯಿಂದ ಬಂದದ್ದಲ್ಲ, ನಿಂಬೆಯಿಂದ ಬಂದದ್ದಲ್ಲ, ಹೊಟ್ಟೆ ಒಡೆದದ್ದರಿಂದ ಬಂದದ್ದು, ಒಡೆಸಿದವಳು ನಾನು. ಒಂದು ಹೊಗಳಿಕೆಯನ್ನು ತನ್ನದೆಂದು ಹೇಳಲು ಒಂದು ಕೆಟ್ಟ ಕೆಲಸವನ್ನೂ ತನ್ನದೆಂದು ಒಪ್ಪಬೇಕಿತ್ತು. ಒಪ್ಪಿಬಿಡಲು ಅವಳು ತಯಾರಾಗಿಯೂ ಇದ್ದಳು, ಪಶ್ಚಾತ್ತಾಪದಿಂದಲ್ಲ. ಬಾಯಿ ತೆರೆದಳು. ಅದೇ ಹೊತ್ತಿಗೆ ಅಮ್ಮನ ದವಡೆ ನಿಂತಿತು.

ಅಮ್ಮ ಏನನ್ನೋ ಮುಂದಿನ ಹಲ್ಲಿಗೆ ತಂದು ಒಮ್ಮೆ ಕಚ್ಚಿದಳು. ಇನ್ನೊಮ್ಮೆ ಕಚ್ಚಿದಳು. ಬೆರಳಿನಿಂದ ಮೆಲ್ಲಗೆ ತೆಗೆದು ಮುಷ್ಟಿಯಲ್ಲಿಟ್ಟುಕೊಂಡಳು.

"ಮೂಳೆನಾ ಅಮ್ಮ?" ಎಂದಳು ಪುಟ್ಟಿ.

"ಹ್ಞೂಂ, ಮೂಳೆ," ಎಂದಳು ಅಮ್ಮ. "ದೊಡ್ಡೀ, ಕೈ ತೊಳೀಬೇಕು. ಕರ್ಕೊಂಡು ಹೋಗು."

ಹಿತ್ತಲ ನಲ್ಲಿಯ ಹತ್ತಿರ ಅಮ್ಮ ಮುಷ್ಟಿ ಬಿಚ್ಚಿದಳು. ಸುಕ್ಕು ಅಂಗೈಯಲ್ಲಿ ಕಂದು ಮಣಿ.

"ಇದು ಹತ್ತಿ ಅಲ್ಲ."

"ಉಂಡೆ ತಪ್ಪಿತಮ್ಮ. ಎರಡೂ ಒಂದೇ ಬಣ್ಣ…"

"ನಿನಗೆ ಉಂಡೆ ತಪ್ಪಲ್ಲ."

ನಲ್ಲಿ ತೊಟ್ಟಿಕ್ಕುತ್ತಿತ್ತು. ದಬ್ಬಳಕ್ಕ ಅಮ್ಮನ ಕೈಗೆ ನೀರು ಬಿಟ್ಟು, ಬೆರಳುಗಳನ್ನು ಒಂದೊಂದಾಗಿ ತೊಳೆದಳು. ಬೈಗುಳ ಬರುತ್ತದೆಂದು ಕಾದಳು. ಬಂದಿದ್ದರೆ ಹಗುರವಾಗುತ್ತಿತ್ತು.

"ಅವಳಿಗೆ ಹೇಳಿದೆಯಾ?" ಎಂದಳು ಅಮ್ಮ.

"ಇನ್ನೂ ಇಲ್ಲ."

"ಹೇಳಬೇಡ. ಒಂದು ದಿನ ಅವಳದು ಅಂತ ಇರಲಿ."

"ಈಗಲೂ ಅವಳೇನಾ ಅಮ್ಮ?" ದಬ್ಬಳಕ್ಕ ನಲ್ಲಿ ನಿಲ್ಲಿಸಿದಳು. "ನಾನು ಮಾಡಿದ್ದು ಗೊತ್ತಾದ ಮೇಲೂ ನಿನಗೆ ಮೊದಲು ಅವಳ ಯೋಚನೆ. ನನಗೆ ಎರಡು ಬೈಯೋದಕ್ಕೂ ಪುರಸೊತ್ತಿಲ್ಲ."

ಅಮ್ಮ ಒದ್ದೆ ಕೈಯಿಂದ ತಡಕಿ ಅವಳ ಹೆಗಲು ಹಿಡಿದಳು. ಬಟ್ಟೆಗೆ ಚುಚ್ಚಿದ್ದ ಸೂಜಿ ಬೆರಳಿಗೆ ತಗುಲಿತು, ಕೈ ಹಿಂದೆಗೆಯಲಿಲ್ಲ. "ಅವಳು ನಾಡಿದ್ದು ರೈಲು ಹತ್ತುತ್ತಾಳೆ. ನಿನ್ನನ್ನ ಬೈಯೋಕೆ ನನಗೆ ವರ್ಷವಿಡೀ ಇದೆ ಕಣೇ," ಎಂದಳು.

ಅದು ಪ್ರೀತಿಯೋ ಏಟೋ ದಬ್ಬಳಕ್ಕನಿಗೆ ತಿಳಿಯಲಿಲ್ಲ. ಅಮ್ಮನ ಕೈ ಒರೆಸಿ ಒಳಗೆ ಕರೆತಂದಳು.

ಒಳಗೆ ಬೇಕರಿಯವನು ಬಂದು ಕೂತಿದ್ದ. ಒಂದು ಚಮಚ ಹೂರಣದ ರುಚಿ ನೋಡಲು ಬಂದವನು ಮೂರನೆಯದರಲ್ಲಿದ್ದ. "ಪುಟ್ಟವ್ವ, ಸಂಜೆ ನಮ್ಮ ಮನೆ ಕೋಳಿ ಒಲೆಗೆ ಹಾಕ್ಬೇಕು. ಇದನ್ನ ಹೇಗೆ ಮಾಡಿದ್ರಿ ಹೇಳಿಬಿಡಿ."

"ಹೂರಣ ಜಾಸ್ತಿ ತುಂಬಬೇಕು," ಎಂದು ಪುಟ್ಟಿ ಉತ್ಸಾಹದಿಂದ ಹೇಳುತ್ತಿದ್ದಳು. "ಎಷ್ಟು ಅಂದ್ರೆ, ಹೊಲಿಗೆ ತಾನಾಗೇ ಕಿತ್ತುಕೊಳ್ಳಬೇಕು."

"ಜಾಸ್ತಿ ತುಂಬಿದ್ರೆ ಹೊಲಿಗೆ ಕಿತ್ತುಕೊಳ್ಳಲ್ಲ," ಎಂದುಬಿಟ್ಟಳು ದಬ್ಬಳಕ್ಕ. ತಡೆದುಕೊಳ್ಳಲು ಆಗಲಿಲ್ಲ. "ನಾನು ಹಾಕಿದ ಹೊಲಿಗೆ ಹಾಗೆಲ್ಲ ಕೀಳೋದಿಲ್ಲ."

"ಮತ್ತೆ ಇದು?" ಎಂದ ಬೇಕರಿಯವನು.

ಎಲ್ಲರೂ ಅವಳ ಕಡೆ ನೋಡಿದರು. ಅಮ್ಮನ ಮುಖವೂ ಇತ್ತ ತಿರುಗಿತು, ಸರಿಯಾಗಿ ಇತ್ತಲೇ. ಪುಟ್ಟಿಯ ತುಟಿಯ ಅಂಚಿನಲ್ಲಿ ಒಂದು ಚೂರು ಬ್ರೆಡ್ಡಿನ ಪುಡಿ ಅಂಟಿತ್ತು. ಅವಳು ಹತ್ತು ವರ್ಷದವಳ ಹಾಗೆ ಕಾಯುತ್ತಿದ್ದಳು. ಹೇಳಬೇಕಾದ ಮಾತು ದಬ್ಬಳಕ್ಕನ ನಾಲಿಗೆಯ ತುದಿಗೆ ಬಂದು ಕೂತಿತ್ತು, ಚುಚ್ಚುವಷ್ಟು ಚೂಪಾಗಿ. ಹೊಟ್ಟೆಯ ಉರಿ ಒಂದಿಷ್ಟೂ ಆರಿರಲಿಲ್ಲ. ಅವಳು ಬಗ್ಗಿ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು.

"ಹೇಳು ಅಕ್ಕ," ಎಂದಳು ಪುಟ್ಟಿ. "ಮುಂದಿನ ವರ್ಷ ನಾನೇ ಹೊಲೀತೀನಿ, ನನಗೂ ಕಲಿಸು."

"ಹತ್ತಿ ದಾರ ತಗೋ," ಎಂದಳು ದಬ್ಬಳಕ್ಕ, ತಟ್ಟೆಗಳನ್ನು ಎದೆಗವಚಿ ಏಳುತ್ತ. "ಹತ್ತೀನೇ, ಬೇರೆ ಯಾವುದೂ ಅಲ್ಲ. ಹೊಲಿಗೆ ದೂರ ದೂರ ಹಾಕು. ಕೊನೇ ಗಂಟು ಹಾಕಬೇಡ, ತುದಿ ಹಾಗೇ ಬಿಡು. ಕಾವು ಹತ್ತಿದಾಗ ಹೂರಣ ಉಬ್ಬತ್ತೆ, ಆಗ ಅದು ತಾನಾಗೇ…"

"ತಾನಾಗೇ ಏನು?" ಬೇಕರಿಯವನು ಕುತ್ತಿಗೆ ಚಾಚಿದ.

"ತಾನಾಗೇ ಜಾರಿ ಬಿಟ್ಟುಕೊಡತ್ತೆ, ಒಂದು ಸಲ ಬಿಟ್ಟುಕೊಟ್ಟಮೇಲೆ ನಾವು ಎಷ್ಟೇ ಎಳೆದ್ರೂ…" ಎನ್ನುತ್ತ ಅವಳು ಬಾಗಿಲು ದಾಟಿ ನಲ್ಲಿಯ ಕಡೆ ನಡೆದಳು.